ಉದ್ದನೆಯ ತೋಟಾ, ಗಿಡ್ಡನೆಯ ತೋಟಾ: ಎಡೆದೊರೆಯಿಂದ ಬಂದ ಒಂದು ಪ್ರಶ್ನೆ



ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಮ್ಮ ತಂಡ ಸಿಂಧನೂರಿಗೆ ಹೋಗಿತ್ತು. ಕಾಲೇಜಿನ ಅಂಗಳದಲ್ಲಿ ಕ್ಯಾಮೆರಾ ಸಿದ್ಧವಾಗುವವರೆಗೆ ವಿದ್ಯಾರ್ಥಿಗಳ ಜೊತೆ ಮಾತನಾಡುತ್ತ ನಿಂತಿದ್ದೆ. ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್ ಹಾರಿಸಿ ಬಂದಿದ್ದ ಹುಡುಗನೊಬ್ಬ ಮುಂದೆ ಬಂದು ಕೇಳಿದ: “ಸರ್, ಮ್ಯಾಗ್ನಮ್ ತೋಟಾದಾಗ ಉದ್ದಂದು, ಗಿಡ್ಡಂದು ಅಂತ ಎರಡು ಥರ ಅದಾವಂತ. ಗಿಡ್ಡಂದೂ ಉದ್ದಂದರಷ್ಟ ಜೋರ್ ಹೊಡೀತದಂತ. ಖರೇ ಏನ್ರಿ? ಖರೇ ಇದ್ರ ಮೊದಲ ಉದ್ದಂದು ಯಾಕ ಮಾಡಿದ್ರು?”

ಅವನು ಒಂದೇ ಉಸಿರಿನಲ್ಲಿ ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದು ಭೌತಶಾಸ್ತ್ರದ ಪ್ರಶ್ನೆ. ನಾನು ವಿಜ್ಞಾನದ ಪದವೀಧರ, ಅದಕ್ಕೆ ಅಲ್ಲೇ ಒಂದಿಷ್ಟು ಉತ್ತರ ಹೇಳಿದೆ. ಎರಡನೆಯದು ಇತಿಹಾಸದ ಪ್ರಶ್ನೆ. “ಮೊದಲು ಯಾಕೆ ಹಾಗೆ ಮಾಡಿದರು” ಎಂದು ಕೇಳಿದ ಕ್ಷಣವೇ ನಾವು ಪ್ರಯೋಗಶಾಲೆಯಿಂದ ಹೊರಬಂದು ಇತಿಹಾಸದ ಅಂಗಳದಲ್ಲಿ ನಿಂತಿರುತ್ತೇವೆ. ಅಂದು ಸಮಯವಿರಲಿಲ್ಲ. ಪರದೆಯ ಮೇಲೆ ಹೇಳಲಾಗದೆ ಉಳಿದ ಆ ಉತ್ತರವನ್ನು ಈ ಪುಟಗಳಲ್ಲಿ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ತೋಟಾದ ಚರಿತ್ರೆಯನ್ನು ಹೇಳಲು ಆ ಹುಡುಗನ ಊರಿಗಿಂತ ಒಳ್ಳೆಯ ಜಾಗ ಕಡಿಮೆ. ನಕಾಶೆ ತೆಗೆದು ನೋಡಿ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲವನ್ನು ನಮ್ಮ ಹಿರಿಯರು ಎಡೆದೊರೆ ನಾಡು ಎಂದು ಕರೆದರು. ಪಠ್ಯಪುಸ್ತಕಗಳಲ್ಲಿ ಅದೇ ರಾಯಚೂರು ದೋಆಬ್. ಇಲ್ಲಿ 150ಎ ರಾಷ್ಟ್ರೀಯ ಹೆದ್ದಾರಿ ಉತ್ತರದಿಂದ ದಕ್ಷಿಣಕ್ಕೆ ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪಗಳನ್ನು ದಾರದಲ್ಲಿ ಮಣಿ ಪೋಣಿಸಿದಂತೆ ಪೋಣಿಸಿದೆ. ಮದ್ದು, ಗುಂಡು, ಬೇಟೆ ಇವುಗಳ ಕಥೆಯ ಒಂದೊಂದು ತುಣುಕು ಈ ಒಂದೊಂದು ಊರಿನಲ್ಲೂ ಸಿಗುತ್ತದೆ.

ಮೊದಲು ಮದ್ದು ಬೇರೆ, ಗುಂಡು ಬೇರೆ

ತೋಟಾ ಎಂದರೇನು? ಗುಂಡು, ಅದನ್ನು ತಳ್ಳುವ ಮದ್ದು, ಮದ್ದಿಗೆ ಕಿಡಿ ಹಚ್ಚುವ ಕೇಪು, ಇವು ಮೂರನ್ನೂ ಒಂದೇ ಹಿತ್ತಾಳೆಯ ಕೊಳವೆಯಲ್ಲಿ ಕೂಡಿಸಿಟ್ಟ ಕಟ್ಟು. ಇಂದು ನಮಗೆ ಇದು ಸಹಜವಾಗಿ ಕಾಣುತ್ತದೆ. ಆದರೆ ಬಂದೂಕು ಹುಟ್ಟಿ ಬಹುಕಾಲದವರೆಗೆ ಇವು ಬೇರೆ ಬೇರೆಯಾಗಿಯೇ ಇದ್ದವು. ಬಂದೂಕುಗಾರ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಹಾಕಿ ಸಲಾಕೆಯಿಂದ ತುಂಬಬೇಕು, ಆಮೇಲೆ ಉರಿಯುವ ಬತ್ತಿಯನ್ನು ತಾಗಿಸಬೇಕು.

1520ರ ಮೇ ತಿಂಗಳಲ್ಲಿ ರಾಯಚೂರಿನ ಬಳಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಯುದ್ಧ ನಿಮಗೆ ಗೊತ್ತು. ಪಾಣಿಪತ್ತಿನಲ್ಲಿ ಬಾಬರನ ಫಿರಂಗಿಗಳು ಗರ್ಜಿಸಿದ್ದು 1526ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಎಡೆದೊರೆಯಲ್ಲಿ ಫಿರಂಗಿ, ಬಂದೂಕುಗಳೆರಡೂ ಕೆಲಸ ಮಾಡಿದ್ದವು ಎಂಬುದನ್ನು ಗಮನಿಸಿ. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟ ವೃತ್ತಾಂತದಂತೆ, ಬಿಜಾಪುರದ ಫಿರಂಗಿಗಳು ಒಟ್ಟಿಗೆ ಸಿಡಿದು ವಿಜಯನಗರದ ಮುಂಚೂಣಿಯನ್ನು ಒಡೆದವು. ಆದರೆ ಮತ್ತೆ ಮದ್ದು ತುಂಬುವುದಕ್ಕೆ ಹೊತ್ತು ಬೇಕಲ್ಲ! ರಾಯನು ಸೈನ್ಯವನ್ನು ಕೂಡಿಸಿಕೊಂಡು ಮರುದಾಳಿ ಮಾಡಿ ಗೆದ್ದ. ಮುಂದೆ ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೋವಾವೊ ದ ಫಿಗೆರೆದೊ ಎಂಬವನ ಜೊತೆಗಿದ್ದ ಸುಮಾರು ಇಪ್ಪತ್ತು ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆದುರುಳಿಸಿದರು. ಆ ರಕ್ಷಣೆಯಲ್ಲಿ ವಿಜಯನಗರದ ಆಳುಗಳು ಗೋಡೆಯ ಕಲ್ಲು ಕಿತ್ತರು.

ಗೆದ್ದ ವಿಜಯನಗರ ಈ ಹೊಸ ಆಯುಧದಿಂದ ಹೆಚ್ಚು ಕಲಿಯಲಿಲ್ಲ, ಸೋತ ಬಿಜಾಪುರವೇ ಹೆಚ್ಚು ಕಲಿಯಿತು ಎನ್ನುವುದು ಇತಿಹಾಸಕಾರ ರಿಚರ್ಡ್ ಈಟನ್ ಅವರ ವಾದ. 1565ರ ರಕ್ಕಸತಂಗಡಿಯನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ.

ಬಂದೂಕು ರಾಜರ ಸೈನ್ಯದಿಂದ ಬೇಗನೆ ಊರಿನ ಕೈಗೂ ಬಂತು. ಸುರಪುರ ಸೀಮೆಯ ಬೇಡರು ಗುರಿಕಾರರೆಂದು ಹೆಸರಾದರು. 1705ರಲ್ಲಿ ಮುದಿ ಔರಂಗಜೇಬ್ ತಾನೇ ಮುಂದೆ ನಿಂತು ಮುತ್ತಿಗೆ ಹಾಕಿದ ಕೊನೆಯ ಕೋಟೆ ಇವರ ವಾಗಿನಗೇರಾ. ಮೊಗಲರ ದೊಡ್ಡ ಸೈನ್ಯವನ್ನು ಈ ಬೇಡ ಬಂದೂಕುಗಾರರು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು.

ಕಾಗದದ ತೋಟಾ ಮತ್ತು ಲಿಂಗಸುಗೂರಿನ ದಂಡು

ಅಳೆದ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿಡುವುದು ತೋಟಾದ ಮೊದಲ ರೂಪ. ಆ ಕಾಗದದ ತೋಟಾಗಳಲ್ಲಿ ಒಂದು ಇಡೀ ದೇಶವನ್ನೇ ಅಲ್ಲಾಡಿಸಿತು. ಅದು 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನದು. ಕಾಗದಕ್ಕೆ ಕೊಬ್ಬು ಸವರಿರುತ್ತಿತ್ತು, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಆ ಕೊಬ್ಬು ಹಸುವಿನದು, ಹಂದಿಯದು ಎಂಬ ಸುದ್ದಿ 1857ರಲ್ಲಿ ಏನು ಮಾಡಿತೆಂಬುದನ್ನು ನೀವು ಓದಿದ್ದೀರಿ.

ಆ ವರ್ಷಗಳಲ್ಲಿ ಎಡೆದೊರೆ ಬ್ರಿಟಿಷರ ಕೈಯಲ್ಲಿತ್ತು. 1853ರ ಒಪ್ಪಂದದಂತೆ ನಿಜಾಮನು ಇದನ್ನು ಬಿಟ್ಟುಕೊಟ್ಟಿದ್ದ, 1860ರಲ್ಲಿ ಅವನಿಗೆ ಮರಳಿ ಬಂತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡು ಬೀಡುಬಿಟ್ಟಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ತಿರುಗಿಬಿದ್ದಾಗ ಅವನನ್ನು ಅಡಗಿಸಲು ಬಂದ ಪಡೆಗಳಲ್ಲಿ ಈ ದಂಡಿನವರೂ ಇದ್ದರು.

ಅದಕ್ಕೆ ಸ್ವಲ್ಪ ಮೊದಲು, 1857ರ ನವೆಂಬರಿನಲ್ಲಿ, ಮುಧೋಳದ ಬಳಿಯ ಹಲಗಲಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಅನುಮತಿ ಪತ್ರವಿಲ್ಲದೆ ಆಯುಧ ಇಟ್ಟುಕೊಳ್ಳಬಾರದು ಎಂದು ಸರ್ಕಾರ ಹೊರಡಿಸಿದ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಬಂದೂಕು ಕೊಡುವುದೆಂದರೆ ಅನ್ನದ ಬಟ್ಟಲು ಕೊಟ್ಟಂತೆ. ಸೈನ್ಯ ಬಂತು, ಊರು ಉರಿಯಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಇಂದಿಗೂ ಅದನ್ನು ಹಾಡುತ್ತಾರೆ. ಬೇಟೆಯ ಬಂದೂಕು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ನಮ್ಮಲ್ಲಿ ರಕ್ತ ಚೆಲ್ಲಿದ ಪ್ರಶ್ನೆ ಎಂಬುದನ್ನು ಮರೆಯಬಾರದು.

ಹೊಗೆಯ ಮದ್ದಿನಿಂದ ಹೊಗೆಯಿಲ್ಲದ ಮದ್ದಿಗೆ

ಈಗ ಸ್ವಲ್ಪ ಲೆಕ್ಕ. ಎನ್‌ಫೀಲ್ಡಿನ ತೋಟಾದಲ್ಲಿ ಸುಮಾರು 4.4 ಗ್ರಾಂ ಕಪ್ಪು ಮದ್ದು, ಸುಮಾರು 34 ಗ್ರಾಂ ತೂಕದ ಸೀಸದ ಗುಂಡು. ಗುಂಡಿನ ವೇಗ ಸೆಕೆಂಡಿಗೆ 300 ಮೀಟರಿನ ಆಸುಪಾಸು. ಚಲನ ಶಕ್ತಿಯ ಸೂತ್ರ ನಿಮಗೆ ಗೊತ್ತಿದೆ: ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಬರುವುದು ಸುಮಾರು ಒಂದೂವರೆ ಸಾವಿರ ಜೌಲ್.

ಕಪ್ಪು ಮದ್ದಿಗೆ ಒಂದು ಮಿತಿ ಇದೆ. ಎಷ್ಟು ತುಂಬಿದರೂ ಗುಂಡಿನ ವೇಗ ಒಂದು ಹಂತ ದಾಟುವುದಿಲ್ಲ. ಹಾಗಾಗಿ ದೊಡ್ಡ ಪ್ರಾಣಿಯನ್ನು ಹೊಡೆಯುವವರಿಗೆ ಉಳಿದ ದಾರಿ ಒಂದೇ, ಗುಂಡನ್ನೇ ದೊಡ್ಡದು ಮಾಡುವುದು. ಮೈಸೂರು ಸೀಮೆಯಲ್ಲಿ ಆನೆ ಹಿಡಿಯುತ್ತಿದ್ದ ಸ್ಯಾಂಡರ್‌ಸನ್, 1878ರಲ್ಲಿ ತನ್ನ ಹದಿಮೂರು ವರ್ಷಗಳ ಕಾಡಿನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದವನು, ನಾಲ್ಕು ಬೋರಿನ ಬಂದೂಕು ಹಿಡಿಯುತ್ತಿದ್ದ. ನಾಲ್ಕು ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ನಾಲ್ಕೇ ಗುಂಡು. ಒಂದೊಂದೂ ಕಾಲು ಪೌಂಡ್!

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. 1889ರಲ್ಲಿ ಬ್ರಿಟನ್ನಿನ ಏಬೆಲ್ ಮತ್ತು ಡೀವಾರ್ ಕಾರ್ಡೈಟ್ ಮಾಡಿದರು. ಈ ಮದ್ದಿನ ಶಕ್ತಿ ಹೆಚ್ಚು, ಉರಿಯುವ ರೀತಿಯೂ ಹತೋಟಿಯಲ್ಲಿರುತ್ತದೆ. ಗುಂಡು ಸಣ್ಣದಾಯಿತು, ವೇಗ ಎರಡು ಮೂರು ಪಟ್ಟಾಯಿತು. ಶಕ್ತಿ ಹೆಚ್ಚುವುದು ವೇಗದ ವರ್ಗದಂತೆ ಎಂಬುದನ್ನು ನೆನಪಿಡಿ. ಹೊಸ ಕಾಲದ ಮ್ಯಾಗ್ನಮ್ ತೋಟಾವೂ ಎನ್‌ಫೀಲ್ಡಿನಷ್ಟೇ, ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಮದ್ದನ್ನು ತಿನ್ನುತ್ತದೆ. ಆದರೆ 11.7 ಗ್ರಾಂ ಗುಂಡನ್ನು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಅಟ್ಟಿ ಸುಮಾರು 4,700 ಜೌಲ್ ಕೊಡುತ್ತದೆ. ಮದ್ದಿನ ತೂಕ ಹೆಚ್ಚುಕಡಿಮೆ ಅಷ್ಟೇ, ಶಕ್ತಿ ಮೂರು ಪಟ್ಟು!

ಉದ್ದ ತೋಟಾ ಯಾಕೆ ಉದ್ದವಾಯಿತು?

ಈಗ ಹುಡುಗನ ಎರಡನೆಯ ಪ್ರಶ್ನೆಗೆ ಬರೋಣ. ಮ್ಯಾಗ್ನಮ್ ಎಂದರೆ ಲ್ಯಾಟಿನ್ನಿನಲ್ಲಿ ದೊಡ್ಡದು. ಒಂದೂವರೆ ಲೀಟರಿನ ದೊಡ್ಡ ಶಾಂಪೇನ್ ಸೀಸೆಗೆ ಇದ್ದ ಹೆಸರು ಇದು. ಮಾಮೂಲಿಗಿಂತ ಹೆಚ್ಚು ಮದ್ದು ಹಿಡಿಯುವ ತೋಟಾಕ್ಕೂ ಅದೇ ಹೆಸರು ಬಂತು. ಅದರ ಮೂಲಪುರುಷ ಎನ್ನಬಹುದಾದದ್ದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದ .375 ಮ್ಯಾಗ್ನಮ್. ಅದರ ಹಿತ್ತಾಳೆ ಕೊಳವೆಯೇ 72 ಮಿಲಿಮೀಟರ್ ಉದ್ದ. ಗುಂಡೂ ಸೇರಿದರೆ 91 ಮಿಲಿಮೀಟರ್. ನಿಮ್ಮ ಅಂಗೈ ಅಗಲಕ್ಕಿಂತ ಉದ್ದ ಎಂದಿಟ್ಟುಕೊಳ್ಳಿ.

ಉದ್ದಕ್ಕೆ ಮೊದಲ ಕಾರಣ ಕಾರ್ಡೈಟ್. ಅದು ಪುಡಿಯಲ್ಲ, ಶಾವಿಗೆಯ ಎಳೆಗಳಂತಿರುವ ಕಡ್ಡಿಗಳು. ಅವುಗಳನ್ನು ಒತ್ತಾಗಿ ನಿಲ್ಲಿಸಲು ಉದ್ದನೆಯ ಕೊಳವೆ ಅನುಕೂಲ.

ಎರಡನೆಯ ಕಾರಣ ಬಿಸಿಲು. ಕಾರ್ಡೈಟ್ ಬಿಸಿಯಾದರೆ ಒಳಗಿನ ಒತ್ತಡ ಏರುತ್ತದೆ. ಲಂಡನ್ನಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ ಭಾರತದ, ಆಫ್ರಿಕದ ಬೇಸಿಗೆಯಲ್ಲಿ ಹೆಚ್ಚು ಒತ್ತಡ ಹುಟ್ಟಿಸಿ ನಳಿಗೆಯ ಗೂಡಿನಲ್ಲಿ ಕಚ್ಚಿಕೊಂಡರೆ ಬೇಟೆಗಾರನ ಗತಿಯೇನು? ಎದುರಿಗೆ ಗಾಯಗೊಂಡ ಹುಲಿ, ಕೈಯಲ್ಲಿ ತೆರೆಯದ ಬಂದೂಕು! ಅದಕ್ಕಾಗಿ ಒತ್ತಡಕ್ಕೆ ಜಾಗವಿರುವಂತೆ ಕೊಳವೆಯನ್ನು ದೊಡ್ಡದು ಮಾಡಿದರು, ಸುಲಭವಾಗಿ ಕಳಚಿ ಬರಲೆಂದು ಬುಡದಿಂದ ತುದಿಗೆ ಓರೆಯಾಗಿ ಸಣ್ಣಗಾಗಿಸಿದರು. ಹೀಗೆ ಓರೆ ಮಾಡಿದಾಗ ತೋಟಾ ಗೂಡಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ತಿಳಿಯದಾಯಿತು. ಹಾಗಾಗಿ ಬುಡದಲ್ಲಿ ಒಂದು ಉಬ್ಬಿದ ಪಟ್ಟಿ ಕೊಟ್ಟರು. ಮ್ಯಾಗ್ನಮ್ ತೋಟಾದ ಗುರುತೇ ಆದ “ಬೆಲ್ಟ್” ಇದು. ರಾಯಚೂರಿನ ಬಿಸಿಲನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲಂಡನ್ನಿನಲ್ಲಿ ಹುಟ್ಟಿದ ಆ ತೋಟಾದ ಆಕಾರಕ್ಕೆ ನಮ್ಮಂಥ ಬಿಸಿಲುನಾಡುಗಳೇ ಕಾರಣ.

ಬಿಸಿಲಿನಂತೆಯೇ ಭಯವೂ ತೋಟಾಗಳ ಅಳತೆಯನ್ನು ಬದಲಿಸಿದೆ. 1907ರ ಸುಮಾರಿಗೆ ಭಾರತದಲ್ಲಿ .450 ಅಳತೆಯ ರೈಫಲುಗಳನ್ನು ಬ್ರಿಟಿಷ್ ಸರ್ಕಾರ ನಿಷೇಧಿಸಿತು. ಅದು ಹಳೆಯ ಸೈನಿಕ ರೈಫಲ್ ಮಾರ್ಟಿನಿ-ಹೆನ್ರಿಯ ಅಳತೆ. ಸೈನ್ಯದ ಗುಂಡುಗಳು ಬಂಡಾಯಗಾರರ ಕೈಗೆ ಹೋದಾವೆಂಬ ಅಂಜಿಕೆ. ಕೂಡಲೇ ಲಂಡನ್ನಿನ ಬಂದೂಕು ತಯಾರಕರು .465, .470 ಎಂದು ಕೂದಲೆಳೆಯಷ್ಟು ದಪ್ಪದ ಹೊಸ ಅಳತೆಗಳನ್ನು ಮಾಡಿ ಮಾರಿದರು. 1857ರ ನೆನಪು ಬೇಟೆಯ ತೋಟಾದ ಮೇಲೆ ಹೀಗೆ ಅಂಕೆಯಾಗಿ ಅಚ್ಚಾಯಿತು. ಸ್ವತಂತ್ರ ಭಾರತದ ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗೆಂದು ಮಾಡಿದ ರೈಫಲ್ ಸೈನ್ಯದ .303 ಆಗಿರದೆ .315 ಆಗಿರುವುದಕ್ಕೂ ಇಂಥದೇ ಆಲೋಚನೆ ಹಿನ್ನೆಲೆ.

ಎಲ್ಲ ಬೇಟೆಗಾರರಿಗೂ ಮ್ಯಾಗ್ನಮ್ ಬೇಕಾಗಿತ್ತು ಎಂದೂ ಅಲ್ಲ. ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳಿಂದ ನಿಮಗೆ ಪರಿಚಿತನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದ್ದು .405 ವಿಂಚೆಸ್ಟರ್ ರೈಫಲಿನಿಂದ. ಅದರ ತೋಟಾ 1904ರದು, ಮ್ಯಾಗ್ನಮ್ ಅಲ್ಲ. ದಟ್ಟ ಕಾಡಿನಲ್ಲಿ, ಕೆಲವೇ ಗಜಗಳ ಅಂತರದಲ್ಲಿ ಅಷ್ಟು ಸಾಕಿತ್ತು. ಮ್ಯಾಗ್ನಮ್ಮಿನ ವೇಗ ಬೇಕಾದದ್ದು ಬಯಲಿಗೆ, ದೂರಕ್ಕೆ. ಆ ಬಯಲಿನ ಮಾತಿಗೆ ಮುಂದೆ ಬರುತ್ತೇನೆ.

ನಿನ್ನೆಯ ಗಿಡ್ಡದ್ದು ಇಂದಿನ ಸಾಂಪ್ರದಾಯಿಕ

ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಅಲ್ಲಿನ ರೈಫಲುಗಳು ಬಹುಮಟ್ಟಿಗೆ 1906ರ ಸೈನಿಕ ತೋಟಾ .30-06ರ ಉದ್ದಕ್ಕೆ, ಅಂದರೆ ಸುಮಾರು 85 ಮಿಲಿಮೀಟರಿಗೆ ತಯಾರಾಗುತ್ತಿದ್ದವು. 91 ಮಿಲಿಮೀಟರಿನ .375 ಅವುಗಳಲ್ಲಿ ಹಿಡಿಯದು. 1956ರಲ್ಲಿ ವಿಂಚೆಸ್ಟರ್ ಕಂಪನಿ ಹಾಲೆಂಡಿನ ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡಿ .458 ಮ್ಯಾಗ್ನಮ್ ತಂದಿತು. 1963ರಲ್ಲಿ ಅದೇ ಸಾಲಿನ .300 ವಿಂಚೆಸ್ಟರ್ ಮ್ಯಾಗ್ನಮ್ ಬಂತು. ಕಾರ್ಡೈಟಿನ ಬದಲು ಸಣ್ಣ ಕಾಳಿನ ಹೊಸ ಮದ್ದು ಬಂದಿತ್ತು, ಉದ್ದ ಕೊಳವೆಯ ಅಗತ್ಯ ಕಳೆದಿತ್ತು. ಇಲ್ಲಿ ಒಂದು ತಮಾಷೆ ಗಮನಿಸಿ. ಈ ಸಾಲನ್ನು ಆ ಕಾಲದಲ್ಲಿ ಕರೆದದ್ದೇ “ಶಾರ್ಟ್ ಮ್ಯಾಗ್ನಮ್” ಎಂದು! ಇಂದು ನಾವು ಸಾಂಪ್ರದಾಯಿಕ, ಉದ್ದ ಎನ್ನುವುದು ನಿನ್ನೆಯವರಿಗೆ ಗಿಡ್ಡ, ಹೊಸತು. ಇತಿಹಾಸದಲ್ಲಿ ಸಂಪ್ರದಾಯ ಎಂಬ ಮಾತು ಬಂದಾಗಲೆಲ್ಲ ‘ಯಾವಾಗಿನಿಂದ?’ ಎಂದು ಕೇಳುವ ಅಭ್ಯಾಸ ಒಳ್ಳೆಯದು.

ಇನ್ನೂ ಗಿಡ್ಡ ಮಾಡುವ ಪ್ರೇರಣೆ ಮತ್ತೆ ಸೈನ್ಯದಿಂದಲೇ ಬಂತು. 1950ರ ದಶಕದಲ್ಲಿ ನೇಟೊ ದೇಶಗಳು 7.62 ಮಿಲಿಮೀಟರಿನ ಗಿಡ್ಡ ತೋಟಾವನ್ನು ಒಪ್ಪಿಕೊಂಡವು. ಅದಕ್ಕೆ ತಕ್ಕ ಗಿಡ್ಡ ರೈಫಲುಗಳು ಬೇಟೆಗೂ ಬಂದವು. ಅವುಗಳಲ್ಲಿ ಮ್ಯಾಗ್ನಮ್ ಶಕ್ತಿ ತುಂಬಲಾಗದೆ? ರೆಮಿಂಗ್ಟನ್ ಕಂಪನಿ 1965ರಲ್ಲಿ .350 ಮ್ಯಾಗ್ನಮ್ ತಂದು ಪ್ರಯತ್ನಿಸಿತು. ಕೊಳ್ಳುವವರು ಹೆಚ್ಚಾಗಿ ಸಿಗಲಿಲ್ಲ. 2001ರಲ್ಲಿ ವಿಂಚೆಸ್ಟರ್ .300 ಶಾರ್ಟ್ ಮ್ಯಾಗ್ನಮ್ ತಂದಾಗ ಗಾಳಿ ಬದಲಾಗಿತ್ತು. ಮರುವರ್ಷ ರೆಮಿಂಗ್ಟನ್ನೂ ತನ್ನದೊಂದನ್ನು ತಂದಿತು. ಎರಡು ಮೂರು ವರ್ಷಗಳಲ್ಲೇ ಗಿಡ್ಡ ಮ್ಯಾಗ್ನಮ್ಮುಗಳ ಒಂದು ಸಂತೆಯೇ ನೆರೆಯಿತು. ಕೆಲವು ಬೇಗನೆ ಮೂಲೆ ಸೇರಿದವು. .300 ನಿಂತಿತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ

ಈಗ ಮೊದಲ ಪ್ರಶ್ನೆ, ಭೌತಶಾಸ್ತ್ರದ್ದು. 1963ರ .300 ಮ್ಯಾಗ್ನಮ್ಮಿನ ಕೊಳವೆ 66.5 ಮಿಲಿಮೀಟರ್ ಉದ್ದ, ಮೈ ಸುಮಾರು 13 ಮಿಲಿಮೀಟರ್ ದಪ್ಪ. 2001ರ ಗಿಡ್ಡದ್ದು 53.3 ಮಿಲಿಮೀಟರ್ ಉದ್ದ, 14.1 ಮಿಲಿಮೀಟರ್ ದಪ್ಪ. ಗಿಡ್ಡದ್ದಕ್ಕೆ ಬೆಲ್ಟ್ ಇಲ್ಲ, ಅದು ತನ್ನ ಹೆಗಲಿನ ಮೇಲೆಯೇ ಗೂಡಿನಲ್ಲಿ ಕೂರುತ್ತದೆ. ಉದ್ದದ್ದು ಸುಮಾರು 6 ಘನ ಸೆಂಟಿಮೀಟರ್ ಹಿಡಿಯುತ್ತದೆ, ಗಿಡ್ಡದ್ದು ಸುಮಾರು 5.2. ಆದರೂ ಕಂಪನಿಯ ಪಟ್ಟಿಯಲ್ಲಿ 11.7 ಗ್ರಾಂ ಗುಂಡಿಗೆ ಎರಡರ ವೇಗವೂ ಸೆಕೆಂಡಿಗೆ 900 ಮೀಟರಿನ ಸುತ್ತಲೇ ಇದೆ. ಇದು ಹೇಗೆ?

ಗಿಡ್ಡದ್ದರ ಪಕ್ಷದವರು ಹೇಳುವುದು ಹೀಗೆ. ಜೋಳದ ದಂಟಿನ ಉದ್ದನೆಯ ಸಿವುಡಿಗೆ ಒಂದು ತುದಿಯಲ್ಲಿ ಬೆಂಕಿ ಇಟ್ಟರೆ ಇನ್ನೊಂದು ತುದಿ ಹೊತ್ತಿಕೊಳ್ಳಲು ಹೊತ್ತು ಬೇಕು. ಅದೇ ದಂಟನ್ನು ಗಿಡ್ಡವಾಗಿ ಕತ್ತರಿಸಿ ದಪ್ಪ ಕಟ್ಟಿದರೆ ಬೆಂಕಿ ಎಲ್ಲಕ್ಕೂ ಬೇಗ ತಾಗುತ್ತದೆ. ಹಾಗೆಯೇ ಗಿಡ್ಡ ದಪ್ಪ ತೋಟಾದಲ್ಲಿ ಕೇಪಿನ ಕಿಡಿ ಮದ್ದಿಗೆಲ್ಲ ಬೇಗ ಮುಟ್ಟುತ್ತದೆ. ಮದ್ದು ಉರಿಯದೆ ನಳಿಗೆಯೊಳಗೆ ಗುಂಡಿನ ಹಿಂದೆ ಓಡುವುದು ತಪ್ಪುತ್ತದೆ.

ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಪೂರ್ತಿ ಇಲ್ಲ. ಆಕಾರದ ಪರಿಣಾಮ ಚಿಕ್ಕದು. ದೊಡ್ಡ ಕಾರಣ ಬೇರೆ. ಒಂದೇ ಗುಂಡಿಗೆ, ಒಂದೇ ಒತ್ತಡದಲ್ಲಿ, ಮದ್ದಿನ ಜಾಗ ಶೇಕಡಾ ನಾಲ್ಕರಷ್ಟು ಹೆಚ್ಚಿದರೆ ವೇಗ ಹೆಚ್ಚುವುದು ಶೇಕಡಾ ಒಂದರಷ್ಟೇ. ಜಾಗ ಹೆಚ್ಚಿದಂತೆ ಲಾಭ ಇಳಿಯುತ್ತ ಹೋಗುತ್ತದೆ. ಹೊಲಕ್ಕೆ ಗೊಬ್ಬರ ಹಾಕಿದಂತೆ, ಮೊದಲ ಚೀಲಕ್ಕೆ ಬಂದಷ್ಟು ಇಳುವರಿ ಐದನೆಯ ಚೀಲಕ್ಕೆ ಬರುವುದಿಲ್ಲ. ಆದ್ದರಿಂದ ಸಣ್ಣ ಹೊಟ್ಟೆಯ ತೋಟಾ ಯಾವಾಗಲೂ ಗ್ರಾಂ ಒಂದಕ್ಕೆ ಹೆಚ್ಚು ದುಡಿಯುತ್ತದೆ. ಗಿಡ್ಡದ್ದಕ್ಕೆ ಸುಮಾರು ಒಂದು ಹತ್ತಂಶ ಮದ್ದು ಕಡಿಮೆ ಸಾಕು. ಒತ್ತಡದ ಮಿತಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ವಾತಾವರಣದ ಒತ್ತಡದ ಸುಮಾರು 4,400 ಪಟ್ಟು. ನಳಿಗೆಯ ಉದ್ದವೂ ಒತ್ತಡವೂ ಸರಿಸಮ ಇಟ್ಟು ಎರಡರಲ್ಲೂ ತುಂಬಬಹುದಾದಷ್ಟು ತುಂಬಿದರೆ ಉದ್ದದ್ದೇ ಸೆಕೆಂಡಿಗೆ ಇಪ್ಪತ್ತು, ಮೂವತ್ತು ಮೀಟರ್ ಮುಂದೆ. ಭಾರದ, ಉದ್ದನೆಯ ಗುಂಡು ಹಾಕಿದಾಗ ಈ ಮೇಲುಗೈ ಇನ್ನೂ ಸ್ಪಷ್ಟ. ಏಕೆಂದರೆ ಗಿಡ್ಡ ತೋಟಾದಲ್ಲಿ ಅಂಥ ಗುಂಡಿನ ಬಾಲ ಮದ್ದಿನ ಜಾಗವನ್ನೇ ಒತ್ತುವರಿ ಮಾಡುತ್ತದೆ.

ಗಿಡ್ಡದ್ದರ ಲಾಭ ಬೇರೆಡೆ. ಇಡೀ ತೋಟಾ 12 ಮಿಲಿಮೀಟರ್ ಗಿಡ್ಡವಾದ್ದರಿಂದ ರೈಫಲಿನ ಯಂತ್ರಭಾಗವೂ ಗಿಡ್ಡ, ಹೆಗಲಿಗೆ ಹಗುರ. ಮದ್ದು ಕಡಿಮೆ ಎಂದು ಒದೆತವೂ ತುಸು ಕಡಿಮೆಯಾಗಬೇಕು. ಆದರೆ ರೈಫಲೇ ಹಗುರವಾದರೆ ಆ ಲಾಭ ಅಲ್ಲೇ ಕರಗುತ್ತದೆ. ನ್ಯೂಟನ್ನನ ಮೂರನೆಯ ನಿಯಮದಿಂದ ನೀವೇ ಲೆಕ್ಕ ಹಾಕಿ. 11.7 ಗ್ರಾಂ ಗುಂಡು 900 ಮೀಟರ್ ವೇಗದಲ್ಲಿ ಮುಂದೆ ಹೋದರೆ 3.5 ಕಿಲೋ ರೈಫಲ್ ಗುಂಡಿನ ಪಾಲಿಗೇ ಸೆಕೆಂಡಿಗೆ 3 ಮೀಟರ್ ಹಿಂದೆ ಬರುತ್ತದೆ. ಹೊರಚಿಮ್ಮುವ ಅನಿಲದ ಪಾಲು ಬೇರೆ. ಇನ್ನು ದಪ್ಪ ತೋಟಾ ಮ್ಯಾಗಜೀನಿನಲ್ಲಿ ಕೆಲವೊಮ್ಮೆ ಒಂದು ಕಡಿಮೆ ಹಿಡಿಯುತ್ತದೆ, ಗೂಡಿಗೆ ಜಾರುವಾಗ ತಡವರಿಸುವುದೂ ಉಂಟು. ಉದ್ದದ್ದು ಹಳೆಯದಾದ್ದರಿಂದ ಆ ದೇಶಗಳ ಅಂಗಡಿಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ.

ಹಾಗಾದರೆ ಹುಡುಗನಿಗೆ ಉತ್ತರ ಇದು. ಹೌದಪ್ಪ, ಗಿಡ್ಡದ್ದು ಉದ್ದದ್ದರಷ್ಟೇ ಹೆಚ್ಚುಕಡಿಮೆ ಹೊಡೆಯುತ್ತದೆ. ಉದ್ದದ್ದು ಮೊದಲು ಬಂದದ್ದು ಶಾವಿಗೆಯಂಥ ಮದ್ದಿನಿಂದ, ನಮ್ಮ ಬಿಸಿಲಿನಿಂದ. ಗಿಡ್ಡದ್ದು ಬಂದದ್ದು ಹೊಸ ಮದ್ದಿನಿಂದ, ಸೈನ್ಯದ ಗಿಡ್ಡ ರೈಫಲಿನಿಂದ, ಹೊಸದನ್ನು ಮಾರಬೇಕೆಂಬ ಪೇಟೆಯ ಒತ್ತಾಯದಿಂದ. ಎನ್‌ಫೀಲ್ಡಿನಿಂದ ಮ್ಯಾಗ್ನಮ್ಮಿಗೆ ಬಂದಾಗ ಶಕ್ತಿ ಮೂರು ಪಟ್ಟಾಯಿತು. ಉದ್ದ ಮ್ಯಾಗ್ನಮ್ಮಿನಿಂದ ಗಿಡ್ಡ ಮ್ಯಾಗ್ನಮ್ಮಿಗೆ ಬಂದಾಗ ಉಳಿದದ್ದು ಚಿಟಿಕೆ ಮದ್ದು ಮತ್ತು ಬೆರಳಗಲ ಉದ್ದ.

ಸದ್ದಿಗಿಂತ ಮೊದಲು ಬರುವ ಗುಂಡು

ಬಂದೂಕಿನ ಇನ್ನೊಂದು ತುದಿಯಲ್ಲಿ ನಿಂತು ನೋಡುವುದು ಉಳಿದಿದೆ. ತುಂಗಭದ್ರಾ ಕಾಲುವೆಯ ನೀರು ಬರುವ ಮೊದಲು ಸಿಂಧನೂರು ಸೀಮೆ ಭತ್ತದ ನಾಡಾಗಿರಲಿಲ್ಲ. ಎರೆ ಹೊಲ, ನಡುನಡುವೆ ಹುಲ್ಲುಬಯಲು. ಇಂಥ ಬಯಲು ಚಿಗರಿಯ ಮನೆ. ಚಿಗರಿಗೆ ಅಡಗಲು ಮರವಿಲ್ಲ. ಅದರ ರಕ್ಷಣೆ ಎಂದರೆ ದೂರ ನೋಡುವ ಕಣ್ಣು, ಚುರುಕು ಕಿವಿ, ಗಂಟೆಗೆ 80 ಕಿಲೋಮೀಟರ್ ಮುಟ್ಟುವ ಓಟ.

300 ಮೀಟರ್ ದೂರದಲ್ಲಿ ಚಿಗರಿ ನಿಂತಿದೆ ಎಂದುಕೊಳ್ಳಿ. ಬಂದೂಕಿನ ಸದ್ದು ಅಲ್ಲಿಗೆ ತಲುಪಲು ಸುಮಾರು 0.9 ಸೆಕೆಂಡ್ ಬೇಕು. ಎನ್‌ಫೀಲ್ಡಿನ ಗುಂಡಿಗೆ ಒಂದು ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಅದು ಆರು ಮೀಟರಿಗೂ ಹೆಚ್ಚು ಕೆಳಕ್ಕೆ ಬಿದ್ದಿರುತ್ತದೆ, ಆದ್ದರಿಂದ ಗುರಿ ಹಿಡಿಯುವುದೂ ಕಷ್ಟ. ಅಂದರೆ ಪ್ರಾಣಿಗೆ ಸದ್ದು ಮೊದಲು, ಗುಂಡು ಆಮೇಲೆ. ಮ್ಯಾಗ್ನಮ್ಮಿನ ಗುಂಡು ಅದೇ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ, ಬೀಳುವುದು ಒಂದು ಮೀಟರಿಗೂ ಕಡಿಮೆ. ಗುಂಡು ಮೊದಲು ಬರುತ್ತದೆ, ಸದ್ದು ಆಮೇಲೆ. ಸಾವಿರಾರು ವರ್ಷಗಳಲ್ಲಿ ಚಿಗರಿ ಗಳಿಸಿಕೊಂಡ ಕಿವಿಯೂ ಕಾಲೂ ಆ ಅರ್ಧ ಸೆಕೆಂಡಿನಲ್ಲಿ ವ್ಯರ್ಥವಾದವು. ತೋಟಾ ಉದ್ದವೋ ಗಿಡ್ಡವೋ ಎಂಬುದು ಚಿಗರಿಗೆ ಒಂದೇ.

ಬೇಟೆಯನ್ನು ಬೇಟೆಗಾರನ ಕೈಬಿಗಿಗೇ ಬಿಡಲಾಗದೆ ಕಾನೂನು ಬರಬೇಕಾದದ್ದು ಇದರಿಂದ. 1970ರಲ್ಲಿ ದೇಶದಾದ್ಯಂತ ಹುಲಿ ಬೇಟೆ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿಗರಿಯನ್ನು ಹೆಚ್ಚಿನ ರಕ್ಷಣೆಯ ಪಟ್ಟಿಗೆ ಸೇರಿಸಿತು. 1991ರ ತಿದ್ದುಪಡಿಯಿಂದ ಮೋಜಿನ ಬೇಟೆಗೆ ಪರವಾನಗಿ ಕೊಡುವುದೇ ಕೊನೆಯಾಯಿತು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಚಿಗರಿಗಳಿಗೆಂದೇ ಅಭಯಾರಣ್ಯವಾಯಿತು, ಅಲ್ಲಿ ಅವು ಉಳಿದವು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಸಿಂಧನೂರಿನಿಂದ ಹೊಳೆ ದಾಟಿದರೆ ಸಿರುಗುಪ್ಪ. ಎರೆಭೂತ ಎಂದು ಕರೆಯುವ ದೊಡ್ಡ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್, ಕರ್ನಾಟಕದಲ್ಲಿ ಕೊನೆಯದಾಗಿ ಉಳಿದುಕೊಂಡದ್ದು ಅಲ್ಲಿನ ಬಯಲಿನಲ್ಲಿ, ಅದೂ ಬೆರಳೆಣಿಕೆಯಷ್ಟು. ಅದನ್ನು ಈ ಸ್ಥಿತಿಗೆ ತಂದದ್ದು ಬಂದೂಕೊಂದೇ ಅಲ್ಲ. ಹುಲ್ಲುಬಯಲು ಗದ್ದೆಯಾದದ್ದೂ ಸೇರಿದೆ. ಆದರೆ ಸಲಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಒಂದು ಗುಂಡು ಎಂದರೆ ಎಷ್ಟು ದೊಡ್ಡ ನಷ್ಟವೆಂದು ಯೋಚಿಸಿ.

ಮಸ್ಕಿಯ ಬಂಡೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಅದೇ ಹೆದ್ದಾರಿಯಲ್ಲಿ ನಡುವೆ ಮಸ್ಕಿ. 1915ರ ಜನವರಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಬಂಡೆಯಲ್ಲಿ ಬ್ರಾಹ್ಮೀ ಬರಹವನ್ನು ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇತ್ತು. ಇಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆ ರಾಜ ಯಾರೆಂಬ ಸಂದೇಹ ಮಸ್ಕಿಯಲ್ಲಿ ತೀರಿತು.

ಮಸ್ಕಿಯ ಶಾಸನದಲ್ಲಿ ಬೇಟೆಯ ಮಾತಿಲ್ಲ. ದೊಡ್ಡವರು ಮಾತ್ರವಲ್ಲ, ಸಣ್ಣವರೂ ಶ್ರಮಿಸಿದರೆ ಮೇಲಿನ ಗುರಿ ಮುಟ್ಟಬಹುದು ಎಂಬುದು ಅದರ ತಾತ್ಪರ್ಯ. ಬೇಟೆಯ ಮಾತು ಕೇಳಲು ತುಂಗಭದ್ರೆ ದಾಟಿ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಅಲ್ಲಿ ಅಶೋಕನ ಹದಿನಾಲ್ಕು ಶಾಸನಗಳಿವೆ. ಎಂಟನೆಯದರಲ್ಲಿ ಅವನು ಹೇಳುವುದು: ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆ ಹೋಗುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆ ಹಿಡಿದೆ. ಮೊದಲನೆಯದರಲ್ಲಿ ತನ್ನ ಅಡುಗೆಮನೆಯ ಲೆಕ್ಕವನ್ನೇ ಬಿಚ್ಚಿಡುತ್ತಾನೆ. ಹಿಂದೆ ಲಕ್ಷಗಟ್ಟಲೆ ಪ್ರಾಣಿಗಳು, ಈಗ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ದಿನವೂ ಇಲ್ಲ, ಮುಂದೆ ಅವೂ ಇಲ್ಲ. ಒಮ್ಮೆಲೇ ಎಲ್ಲ ಬಿಟ್ಟೆನೆಂದು ಬಡಾಯಿ ಹೇಳದೆ ಉಳಿದ ಮೂರನ್ನೂ ಲೆಕ್ಕಕ್ಕೆ ಬರೆಸಿದ ಆ ಪ್ರಾಮಾಣಿಕತೆಗಾಗಿಯೇ ನನಗೆ ಈ ಶಾಸನ ಇಷ್ಟ.

ವಿದ್ಯಾರ್ಥಿಗಳೇ, ತೋಟಾದ ಬಗ್ಗೆ ಕುತೂಹಲ ತಪ್ಪಲ್ಲ. ಅದರಲ್ಲಿ ರಸಾಯನಶಾಸ್ತ್ರವಿದೆ, ಭೌತಶಾಸ್ತ್ರವಿದೆ, ಲೋಹವಿದ್ಯೆಯಿದೆ. ಅದರ ಅಂಗುಲ ಅಂಗುಲದಲ್ಲೂ ಯುದ್ಧ, ಬಿಸಿಲು, ಬಂಡಾಯದ ಭಯ, ವ್ಯಾಪಾರ ಇವು ಗುರುತು ಬಿಟ್ಟಿವೆ. ಅದನ್ನು ಓದಲು ಕಲಿಯಿರಿ. ಜೊತೆಗೆ, ಒಂದು ದಿನ ಬಿಡುವು ಮಾಡಿಕೊಂಡು ಮಸ್ಕಿಯ ಆ ಬಂಡೆಯನ್ನೂ ನೋಡಿ ಬನ್ನಿ. ದಾರಿಯಲ್ಲಿ ಎಲ್ಲಾದರೂ ಗದ್ದೆಗಳ ನಡುವೆ ಉಳಿದ ಹುಲ್ಲುಬಯಲು ಕಂಡರೆ ಬಸ್ಸಿನ ಕಿಟಕಿಯಿಂದ ಸ್ವಲ್ಪ ಗಮನವಿಟ್ಟು ನೋಡಿ. ಚಿಗರಿಯ ಹಿಂಡು ಕಂಡೀತು. ಕಂಡರೆ ನಮಗೆ ಬರೆದು ತಿಳಿಸಿ.